ಎಡ ಮುಂಗಾಲು

ಕುದುರೆ ಕಂಡವರಿಗೆ ಕಾಲುನೋವಂತೆ.
ನನಗೆ ನಡುನೋವು, ನಲವತ್ತೊಂದು ವರ್ಷದ್ದು.
ವಾರ್ನಂಬೂಲಿನ ಲಾಯಗಳಲ್ಲಿ ಬಗ್ಗಿ
ಗೊರಸು ತೊಡೆಗೇರಿಸಿ ಲಾಳ ಹೊಡೆದವನು;
ಅವಳ ಓಟವನ್ನು ನೀವು ಮೇಲಿಂದ ಕಂಡಿರಿ,
ನಾನು ಕೆಳಗಿಂದ.

ಹರಾಜಿನ ದಿನ ಅವಳ ಎಡ ಮುಂಗಾಲು
ಹೊಸ್ತಿಲಲ್ಲಿ ನಿಂತು ಬೀದಿ ನೋಡುವ ಹುಡುಗಿಯಂತೆ
ತುಸು ಹೊರಕ್ಕೆ ತಿರುಗಿತ್ತು.
ಕಾಲ್ಗುಣ ಸರಿಯಿಲ್ಲವೆಂದು ದೊಡ್ಡವರು ಪುಟ ಮಗುಚಿದರು.
ಕೈಯೆತ್ತಿದವಳು ಮೋಯ್ರಾ ಕಿಲ್‌ಮಾರ್ಟಿನ್ ಒಬ್ಬಳೇ,
ಹಳೆ ಟ್ರಾಕ್ಟರಿಗೆ ಕೊಡುವಷ್ಟು ದುಡ್ಡಿಗೆ.
ನನ್ನತ್ತ ತಿರುಗಿ,
"ಕಾಲು ನೀನು ನೋಡಿಕೋ, ಗುಣ ಅವಳು ನೋಡಿಕೊಳ್ತಾಳೆ" ಎಂದಳು.

ಹೆಸರು ಅಂಡರ್‌ಟೋ, ಅಲೆಯಡಿಯ ಒಳಸೆಳೆತ.
ಲಾಯದಲ್ಲಿ ಬರೀ ನೆಲ್.

ಬೆಳಗಿನ ಐದಕ್ಕೆ ಲೇಡಿ ಬೇಯ ಕೊರೆವ ನೀರಲ್ಲಿ
ಎದೆಮಟ್ಟ ನಡೆಸುತ್ತಿದ್ದರು ಅವಳನ್ನು.
ಮರಳಿ ಬಂದಾಗ ಗೊರಸಿನ ಸಂದಿಯಲ್ಲಿ
ಕಪ್ಪೆಚಿಪ್ಪಿನ ಚೂರು, ಪಾಚಿಯ ಎಳೆ,
ಒಮ್ಮೆ ಯಾರದೋ ಕಿವಿಯೋಲೆ.
ಕೆರೆದೆ, ಅರ ಹಾಕಿ ತೇದೆ,
ಹೊರ ಅಂಚನ್ನು ಕೂದಲೆಳೆಯಷ್ಟು ಇಳಿಸಿದೆ,
ತಿಂಗಳು ತಿಂಗಳೂ ಕೂದಲೆಳೆಯಷ್ಟೇ.
ಗದರಿ ತಿದ್ದುವುದಲ್ಲ ಕಾಲು, ಪುಸಲಾಯಿಸಬೇಕು.

ಮೊದಲ ಓಟ ಟೆರಾಂಗ್‌ನಲ್ಲಿ. ಜಡಿಮಳೆ.
ನೋಡಲು ನೂರು ಜನ, ಒಂದು ನಾಯಿ.
ಗೆದ್ದಳು.
ಬಲ್ಲಾರಟ್, ಗೆದ್ದಳು. ಕಾಲ್‌ಫೀಲ್ಡ್, ಗೆದ್ದಳು.
ಹಿಂದುಳಿದವಳಂತೆ ಉಳಿದು, ಕೊನೆಯ ತಿರುವು ದಾಟಿದ್ದೇ
ಮುಂದಿನವರ ಕಾಲಡಿಯ ನೆಲವನ್ನೇ ಎಳೆದುಕೊಂಡುಬಿಡುವಳು;
ರೇಡಿಯೋದವನ ಗಂಟಲು
ಅವಳಿಗಿಂತ ಮುಂಚೆ ಗುರಿ ಮುಟ್ಟುತ್ತಿತ್ತು.
ಗಂಡು ಕುದುರೆಗಳ ಒಡೆಯರು ತೂಕದ ಪಟ್ಟಿ ಹಿಡಿದು
ಹೆಣ್ಣಿಗೇಕೆ ಎರಡು ಕಿಲೋ ರಿಯಾಯಿತಿ ಎಂದು ಗೊಣಗಿದರು.
ಹತ್ತು. ಹನ್ನೊಂದು. ಹನ್ನೆರಡು.
ಪೈ ಮಾರುವ ಡೋರೀನ್ ತನ್ನ ಅಂಗಡಿ ಬಾಗಿಲಿಗೆ
ನೆಲ್‌ಳ ಹಳೆ ಲಾಳ ಹೊಡೆದಳು. ನೋಡನೋಡುತ್ತ
ಊರಿನ ಅರ್ಧ ಬಾಗಿಲುಗಳಲ್ಲಿ ನೆಲ್‌ಳ ಲಾಳ.
ಎಲ್ಲವೂ ನಿಜವಾಗಿದ್ದರೆ ಅವಳು ಕುದುರೆಯಲ್ಲ, ಶತಪದಿ.

ಹದಿಮೂರನೆಯದು ಫ್ಲೆಮಿಂಗ್ಟನ್.
ಹಿಂದಿನ ಸಂಜೆ ಕಬ್ಬಿಣ ಕಳಚಿ ಅಲ್ಯುಮಿನಿಯಂ ತೊಡಿಸುವಾಗ
ನಾಲ್ಕನೆಯ ಮೊಳೆಗೆ ಸುತ್ತಿಗೆಯ ದನಿ ಮಂಕಾಯಿತು.
ಗಟ್ಟಿ ಗೊರಸಲ್ಲಿ ಮೊಳೆ ಟಣ್ಣೆನ್ನುತ್ತದೆ,
ಜೀವದ ಹತ್ತಿರ ಹೋದರೆ ಪಿಸುಗುಟ್ಟುತ್ತದೆ.
ಕೇಳಿಸಿತು. ಕೇಳಿಸಲಿಲ್ಲ ಅಂದುಕೊಂಡೆ.
ಕತ್ತಲಾಗಿತ್ತು, ಹಸಿದಿದ್ದೆ. ಇವು ಕಾರಣಗಳಲ್ಲ.
ಅವಳ ಕಿವಿ ಒಮ್ಮೆ ಹಿಂದಕ್ಕೆ ಹೋಗಿ ಬಂತು,
ಅಷ್ಟೆ.

ಒಂದು ಮೂಗಿನಷ್ಟು ಹಿಂದೆ ಬಿದ್ದಳು.
ಸವಾರ ಕ್ಲೆಮ್ ಹಾರ್ಟ್‌ನೆಟ್ ತಡಮಾಡಿದನೆಂದು ಪತ್ರಿಕೆ,
ನೆಲ ಒದ್ದೆಯಿತ್ತೆಂದು ಮೋಯ್ರಾ.
ಆ ಹುಡುಗ ಎರಡು ತಿಂಗಳು ಪಬ್ಬಿಗೆ ಕಾಲಿಡಲಿಲ್ಲ.
ನಾನು ಮೊಳೆ ಕಿತ್ತೆ. ತುದಿಯಲ್ಲಿ ತೇವ.
ಮೊಳೆ ಕಚ್ಚಿದ ಬಾಯಿ ಮಾತಾಡಬೇಕಿಲ್ಲ,
ಅದೊಂದು ಅನುಕೂಲ ನಮ್ಮ ಕಸುಬಿನಲ್ಲಿ.

ಆಮೇಲೂ ನಾಲ್ಕು ಗೆದ್ದಳು.
ಹದಿನೇಳು ಓಟ, ಹದಿನಾರು ಗೆಲುವು.
ಉಳಿದ ಒಂದು ನನ್ನದು.

ಇವತ್ತು ಮರಿ ಹಾಕಿಸಲು ಉತ್ತರದ ಫಾರ್ಮಿಗೆ ಒಯ್ಯುತ್ತಾರೆ.
ಟ್ರಕ್ಕು ಇಂಜಿನ್ ಆರಿಸದೆ ನಿಂತಿತ್ತು.
ಲಾಯದ ನೋಯೆಲೀನ್ ಹುಲ್ಲಿನ ಬಲೆಯನ್ನು
ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದಳು.
ಲಾಳ ಕಳಚಲು ಕೊನೆಯ ಸಲ ಬಗ್ಗಿದೆ.
ಬೇರೆ ಕುದುರೆಗಳನ್ನು ತಟ್ಟಬೇಕು, ಬೇಡಬೇಕು;
ಇವಳು, ನಾನು ಬಾಯಿ ತೆರೆಯುವ ಮೊದಲೇ
ಅದೇ ಕಾಲೆತ್ತಿ ನನ್ನ ತೊಡೆಗಿಟ್ಟು
ಅರ್ಧ ಮೈಭಾರವನ್ನೂ ನನ್ನ ಮೇಲೊರಗಿಸಿದಳು.
"ನೆಟ್ಟಗೆ ನಿಲ್ಲೇ, ಸೋಮಾರಿ" ಎಂದೆ.
ಬೇರೇನೋ ಹೇಳಬೇಕಿತ್ತು.

ಬರಿಗೊರಸು ಸಿಮೆಂಟಿನ ಮೇಲೆ ಬೇರೆಯೇ ಸದ್ದು ಮಾಡಿತು,
ಚಪ್ಪಲಿ ಬಿಟ್ಟು ಒಳಬರುವವರ ಹಾಗೆ.
ಟ್ರಕ್ಕಿನ ಹಲಗೆ ಹತ್ತುವಾಗ ನೋಡಿದೆ:
ಇಷ್ಟು ವರ್ಷ ತೇದೂ
ಎಡ ಮುಂಗಾಲು ಇನ್ನೂ
ತುಸು ಹೊರಕ್ಕೆ.